ಮಳೆಗಾಲಕ್ಕೊಂದು ಹಳೆ ಕಾರು: ಬಣ್ಣ ನೋಡಬೇಡಿ, ಬೆಲ್ಟ್ ಎಳೆದು ನೋಡಿ

ತುಮಕೂರು ಜಿಲ್ಲೆಗೆ ಜೂನ್ ಮಳೆ ಲೆಕ್ಕಕ್ಕಷ್ಟೇ. ಇಲ್ಲಿ ಕೈಹಿಡಿಯುವುದು, ಕೈಕೊಡುವುದು ಎರಡೂ ಸೆಪ್ಟೆಂಬರ್-ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ. ಆಯುಧಪೂಜೆ, ದೀಪಾವಳಿಗೆ ಮನೆ ಮುಂದೆ ಒಂದು ಕಾರು ನಿಲ್ಲಿಸಬೇಕೆಂದು ಜನ ಓಡಾಡುವುದೂ ಅದೇ ಹೊತ್ತಿನಲ್ಲಿ. ಹೊಸ ಗಾಡಿಯ ಬೆಲೆಗೆ ಹೆದರಿದವರು ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಕೇಳುವ ಪ್ರಶ್ನೆ ಮಾತ್ರ ಮೂರೇ: ಎಷ್ಟು ಓಡಿದೆ, ಮೈಲೇಜ್ ಎಷ್ಟು, ಫೈನಲ್ ರೇಟ್ ಹೇಳಿ. ಸುರಿವ ಮಳೆಯಲ್ಲಿ ಈ ಗಾಡಿ ಬ್ರೇಕ್ ಒತ್ತಿದರೆ ನಿಲ್ಲುತ್ತದೆಯೇ, ರಾತ್ರಿ ದಾರಿ ಕಾಣಿಸುತ್ತದೆಯೇ ಎಂದು ಕೇಳುವವರು ಅಪರೂಪ.

ಹಿಮ ಬೀಳುವ ದೇಶಗಳಲ್ಲಿ ಹಳೆ ಕಾರು ಕೊಳ್ಳುವವರ ಲೆಕ್ಕ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಹಾಕಿಸುವುದು ಕಾನೂನಿನಂತೆ ಕಡ್ಡಾಯ. ಅಲ್ಲಿ ನೆಲೆಸಿರುವ ನಮ್ಮವರನ್ನು ಕೇಳಿದರೆ ಕಾರಿನ ಕಂಪನಿಗಿಂತ ಮೊದಲು ಟೈರಿನ ಮಾತು, ಆಮೇಲೆ ರಸ್ತೆಗೆ ಸುರಿಯುವ ಉಪ್ಪಿನಿಂದ ಅಡಿಭಾಗ ತುಕ್ಕು ಹಿಡಿದಿದೆಯೇ ಎಂಬ ಮಾತು. ನಮ್ಮಲ್ಲಿ ಹಿಮವಿಲ್ಲ. ಆದರೆ ಕೋಡಿ ಬಿದ್ದ ಕೆರೆಯ ನೀರು ಹಾಯುವ ರಸ್ತೆ, ತುಂಬಿ ನಿಲ್ಲುವ ರೈಲ್ವೆ ಅಂಡರ್‌ಪಾಸ್, ತೋಟದ ಕೆಸರು, ಡಿಸೆಂಬರ್ ಬೆಳಗಿನ ಮಂಜು ಎಲ್ಲವೂ ಇವೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ತುಂಬಿ ಹರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರಿಗಿಂತ ಮೊದಲು ದಾರಿ

ಯಾವ ಕಾರು ಎನ್ನುವುದಕ್ಕೂ ಮುಂಚೆ ನೀವು ದಿನಾ ಓಡಾಡುವ ದಾರಿ ಯಾವುದು ಎಂದು ಯೋಚಿಸಿ. ತುಮಕೂರಿನ ಬಿ.ಎಚ್. ರಸ್ತೆ, ಎಸ್.ಎಸ್. ಪುರಂ, ಕ್ಯಾತ್ಸಂದ್ರದ ಒಳಗೇ ಸುತ್ತಾಡುವವರಿಗೆ ಒಂದು ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಸಾಕು. ಗುಬ್ಬಿ ಕಡೆ ತೋಟದ ಮನೆ ಇರುವವರ ಕಥೆ ಬೇರೆ. ಟಾರು ಮುಗಿದ ಮೇಲೆ ಟ್ರ್ಯಾಕ್ಟರ್ ಚಕ್ರ ಕೊರೆದ ಎರಡು ಹಳ್ಳ, ನಡುವೆ ಒಂದು ದಿಬ್ಬ. ಆ ದಿಬ್ಬ ಕಾರಿನ ಹೊಟ್ಟೆಗೆ ತಾಗುತ್ತದೆ. ಆಲ್ಟೊದಂಥ ಕಾರಿಗೂ ನೆಲಕ್ಕೂ ಇರುವ ಅಂತರ ಸುಮಾರು 160 ಮಿ.ಮೀ. ಬೊಲೆರೊಗೆ 180ರ ಆಸುಪಾಸು. ಡಸ್ಟರ್, ನೆಕ್ಸಾನ್‌ಗಳಿಗೆ 200 ದಾಟುತ್ತದೆ. ಈ ಅಂಕಿಗಳೆಲ್ಲ ಹೊಸ ಗಾಡಿಯವು ಎಂಬುದು ನೆನಪಿರಲಿ. ಹತ್ತು ವರ್ಷ ಓಡಿ ಸ್ಪ್ರಿಂಗ್ ಸೋತ ಕಾರು ಅದಕ್ಕಿಂತ ಕೆಳಗೆ ಕೂತಿರುತ್ತದೆ. ನೋಡಲು ಹೋಗುವಾಗ ಮನೆಯ ನಾಲ್ವರನ್ನು ಕರೆದೊಯ್ಯಿರಿ. ಎಲ್ಲರನ್ನೂ ಒಳಗೆ ಕೂರಿಸಿ, ಕಾರು ಎಷ್ಟು ಕುಸಿಯುತ್ತದೆ ಎಂದು ಹೊರಗೆ ನಿಂತು ನೋಡಿ.

ತೋಟಕ್ಕೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಬಹುಪಾಲು ಜನಕ್ಕೆ ಅದು ದುಬಾರಿ ಶೋಕಿ. ಎಂಜಿನ್ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವ ಸಾಮಾನ್ಯ ಫ್ರಂಟ್ ವೀಲ್ ಡ್ರೈವ್ ಕಾರು, ಟೈರ್ ಚೆನ್ನಾಗಿದ್ದರೆ ಕೆಸರಿನಿಂದ ಎದ್ದು ಬರುತ್ತದೆ. ಹಿಂದಿನ ಚಕ್ರ ತಿರುಗುವ ಓಮ್ನಿ, ಈಕೊಗಳು ಖಾಲಿ ಇದ್ದಾಗ ಕೆಸರಲ್ಲಿ ಸುಮ್ಮನೆ ಚಕ್ರ ತಿರುಗಿಸುವುದೇ ಹೆಚ್ಚು.

ಇನ್ನು ಕುಣಿಗಲ್‌ನವರು. ಊರ ಪಕ್ಕದ ರಾಷ್ಟ್ರೀಯ ಹೆದ್ದಾರಿ 75 ಹಾಸನ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ಗುಬ್ಬಿಯ ಮೂಲಕ ಹೋಗುವ ಹೆದ್ದಾರಿ 73 ತಿಪಟೂರು, ಅರಸೀಕೆರೆ ದಾಟಿ ಚಾರ್ಮಾಡಿಯಲ್ಲಿ ಇಳಿಯುತ್ತದೆ. ಧರ್ಮಸ್ಥಳಕ್ಕೋ ಮಂಗಳೂರಿಗೋ ಮಳೆಗಾಲದಲ್ಲಿ ಹೋಗುವ ಮನೆ ನಿಮ್ಮದಾದರೆ ಬ್ರೇಕು, ಲೈಟು, ಟೈರಿನಲ್ಲಿ ಚೌಕಾಸಿ ಬೇಡ.

ನೀರು ಕುಡಿದ ಗಾಡಿ

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲೆಯೇ ವಾಹನಗಳು ನೀರಲ್ಲಿ ಸಿಕ್ಕಿಕೊಂಡವು. ಮರುವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದವು. ರಿಪೇರಿ ಖರ್ಚು ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯದ ಶೇ 75ನ್ನು ಮೀರಿದರೆ ವಿಮಾ ಕಂಪನಿಗಳು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಿ ದುಡ್ಡು ಕೊಡುತ್ತವೆ. ಗಾಡಿ ಹರಾಜಿಗೆ ಹೋಗುತ್ತದೆ. ಹರಾಜಲ್ಲಿ ಹಿಡಿದವರು ತೊಳೆದು, ಒಣಗಿಸಿ, ಪಾಲಿಶ್ ಹೊಡೆದು ಬೇರೆ ಊರಿನಲ್ಲಿ ಮಾರುವುದು ದೇಶದೆಲ್ಲೆಡೆ ನಡೆಯುವ ವ್ಯಾಪಾರ. ತುಮಕೂರು ಬೆಂಗಳೂರಿನಿಂದ ಬರೀ 70 ಕಿ.ಮೀ.

ಇಂಥ ಕಾರು ಕೊಂಡ ಮೊದಲ ತಿಂಗಳು ಏನೂ ಆಗುವುದಿಲ್ಲ. ಆಮೇಲೆ ಪವರ್ ವಿಂಡೋ ನಿಲ್ಲುತ್ತದೆ, ಮೀಟರಿನಲ್ಲಿ ಇಲ್ಲದ ಲೈಟು ಹತ್ತುತ್ತದೆ, ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಮೆಕ್ಯಾನಿಕ್ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಎದ್ದುಕೊಳ್ಳುತ್ತದೆ.

ಪತ್ತೆ ಮಾಡುವುದು ಕಷ್ಟವಲ್ಲ. ಮುಂದಿನ ಸೀಟಿನ ಬೆಲ್ಟ್ ಹಿಡಿದು ನಿಧಾನವಾಗಿ ಎಳೆಯಿರಿ. ನಾವು ಹಾಕಿಕೊಳ್ಳುವಷ್ಟಕ್ಕೆ ನಿಲ್ಲಿಸದೆ, ಇನ್ನು ಬರುವುದಿಲ್ಲ ಎನ್ನುವವರೆಗೂ ಎಳೆಯಿರಿ. ಕೊನೆಯ ಒಂದೆರಡು ಗೇಣು ಯಾವಾಗಲೂ ಸುರುಳಿಯ ಒಳಗೇ ಇರುತ್ತದೆ. ಕಾರೊಳಗೆ ನುಗ್ಗಿದ ಕೆಸರುನೀರು ಅಲ್ಲಿ ಹೀರಿಕೊಂಡು ಕಂದು ಗೆರೆಯಾಗಿ ಒಣಗಿರುತ್ತದೆ. ಬೆರಳಾಡಿಸಿದರೆ ಸಣ್ಣ ಮರಳು ಸಿಗುತ್ತದೆ. ಸೀಟು, ಮ್ಯಾಟು ತೊಳೆದವರು ಇದನ್ನು ಮರೆತಿರುತ್ತಾರೆ. ಎಂಟು ವರ್ಷದ ಕಾರಿಗೆ ಬೆಲ್ಟ್ ಮಾತ್ರ ಹೊಚ್ಚಹೊಸದಾಗಿದ್ದರೆ ಯಾಕೆಂದು ಕೇಳಿ.

ಮುಂದಿನ ಹೆಜ್ಜೆ ಡಿಕ್ಕಿ. ಸ್ಟೆಪ್ನಿ ಎತ್ತಿ, ಅದರ ಗುಂಡಿಯ ತಳ ನೋಡಿ. ಜಾಕ್, ವೀಲ್ ಸ್ಪ್ಯಾನರ್ ತುಕ್ಕು ಹಿಡಿದಿವೆಯೇ? ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ಅದರ ಹಳಿ ಮತ್ತು ಬೋಲ್ಟ್‌ಗಳಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕಾರ್ಪೆಟ್‌ನ ಅಂಚು ಕಿತ್ತು, ಕೆಳಗಿನ ಫೋಮ್ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಅದು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಆಮೇಲೆ ಎಲ್ಲ ಗಾಜು ಏರಿಸಿ, ಹತ್ತು ನಿಮಿಷ ಬಿಸಿಲಲ್ಲಿ ಬಿಟ್ಟು ಬಾಗಿಲು ತೆಗೆಯಿರಿ. ಮುಗ್ಗಲು ವಾಸನೆ ಬಂದರೆ ಅಲ್ಲಿಗೆ ಮಾತು ಮುಗಿಯಿತು. ಡ್ಯಾಶ್‌ಬೋರ್ಡಿನ ಮೇಲೆ ಮೂರು ಮೂರು ಸುಗಂಧದ ಬಾಟಲಿ ಇಟ್ಟಿದ್ದರೂ ಅನುಮಾನಿಸಿ.

ಬಾನೆಟ್ ಎತ್ತಿದಾಗ ಎಂಜಿನ್ ಆಯಿಲ್ ಕಡ್ಡಿ ತೆಗೆದು ಒರೆಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಆಯಿಲ್‌ಗೆ ನೀರು ಸೇರಿದೆ ಎಂದರ್ಥ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಸಿ. ತಳದಲ್ಲಿ ಮಣ್ಣಿನ ಕಲೆ ಇರಬಾರದು. ನೀರಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಸಿಲಿಂಡರಿನೊಳಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ಎಂಜಿನ್ ಕೆಲಸ ಮಾಡಿಸಿದ್ದರೆ ಬಿಲ್ಲು ತೋರಿಸಲಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿಯ ಹಿಂದಿನ ದಾಖಲೆ ಸಿಗುತ್ತದೆ. ಮಾಲೀಕರಿಂದಲೇ ಕೇಳಿಸಿ ಪಡೆಯಿರಿ. "ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ" ಎಂಬ ಮಾತು ದಾಖಲೆಯಾಗುವುದಿಲ್ಲ. ಬಜಾರಿಗೆ ಬರುವ ಕಾರೆಲ್ಲ ಡಾಕ್ಟರದೇ ಆಗಿದ್ದರೆ ಜಿಲ್ಲೆಯಲ್ಲಿ ಆಸ್ಪತ್ರೆಗಳಿಗೆ ಕೊರತೆಯೇ ಇರುತ್ತಿರಲಿಲ್ಲ.

ನಂಬರ್ ಪ್ಲೇಟನ್ನೂ ಗಮನಿಸಿ. ಕೆಎ-06 ತುಮಕೂರಿನದು, ಕೆಎ-44 ತಿಪಟೂರಿನದು, ಕೆಎ-64 ಮಧುಗಿರಿಯದು. ಇಲ್ಲಿನ ಗಾಡಿಯಾದರೆ ಹಿಂದಿನ ಮಾಲೀಕರ ಮನೆಗೇ ಹೋಗಿ ವಿಚಾರಿಸಬಹುದು. ಕೆಎ-19 ಮಂಗಳೂರು, ಕೆಎ-20 ಉಡುಪಿಯ ಗಾಡಿಯಾದರೆ ಲಿಫ್ಟಿಗೆ ಏರಿಸಿಯೇ ನೋಡಿ. ಕೆನಡಾದ ರಸ್ತೆಯುಪ್ಪು ಮಾಡುವ ಕೆಲಸವನ್ನು ಇಲ್ಲಿ ಕಡಲ ಗಾಳಿ ಮಾಡುತ್ತದೆ. ಸಬ್‌ಫ್ರೇಮ್, ಬ್ರೇಕ್ ಪೈಪು, ಸೈಲೆನ್ಸರ್ ಜಾಯಿಂಟ್‌ಗಳಲ್ಲಿ ಪದರ ಪದರವಾಗಿ ತುಕ್ಕು ಏಳುತ್ತಿದ್ದರೆ ಬಿಟ್ಟುಬಿಡಿ.

ನಿಲ್ಲುತ್ತದೆಯೇ, ಕಾಣುತ್ತದೆಯೇ

ಟೈರ್ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಆರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿರುತ್ತದೆ, ಹಲ್ಲು ಎಷ್ಟೇ ಉಳಿದಿದ್ದರೂ ಒದ್ದೆ ರಸ್ತೆಯಲ್ಲಿ ಹಿಡಿತವಿರುವುದಿಲ್ಲ. ಹಲ್ಲಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂಬುದು ನಿಯಮ. ಮಳೆಗಾಲಕ್ಕೆ ನಾನು 3 ಮಿ.ಮೀ.ಗಿಂತ ಕಡಿಮೆ ಒಪ್ಪುವುದಿಲ್ಲ. ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ಆ ಗೆರೆಗಳದ್ದು. ಅವು ಸವೆದಿದ್ದರೆ ಹೆದ್ದಾರಿಯ ವೇಗದಲ್ಲಿ ಕಾರು ನೀರಿನ ಮೇಲೆ ತೇಲಿ, ಸ್ಟೀರಿಂಗ್ ತಿರುಗಿಸಿದರೂ ಮಾತು ಕೇಳುವುದಿಲ್ಲ. ನಾಲ್ಕು ಟೈರ್ ಹಾಕಿಸುವ ಖರ್ಚನ್ನು ಕಾರಿನ ಬೆಲೆಯಲ್ಲಿ ಕಳೆದು ಮಾತಾಡಿ. ಚೌಕಾಸಿಗೆ ಇದಕ್ಕಿಂತ ಗಟ್ಟಿ ಕಾರಣ ಸಿಗದು.

2019ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದಕ್ಕೂ ಹಿಂದಿನ ಕಾರುಗಳ ಕಡಿಮೆ ದರದ ಮಾದರಿಗಳಲ್ಲಿ ಹಲವಕ್ಕೆ ಅದಿಲ್ಲ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವುದು ಇದೇ. ಆದ್ದರಿಂದ ಎಬಿಎಸ್ ಇಲ್ಲದ 2018ರ ಕಾರಿಗಿಂತ 2020ರ ಸಾದಾ ಕಾರು ಮೇಲು. ಕೀ ತಿರುಗಿಸಿದ ತಕ್ಷಣ ಎಬಿಎಸ್, ಏರ್‌ಬ್ಯಾಗ್ ದೀಪಗಳು ಹೊತ್ತಿ, ಕೆಲವು ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತದೇ ಇದ್ದರೆ ದೋಷವನ್ನು ಮುಚ್ಚಿಡಲು ದೀಪವನ್ನೇ ಕಳಚಿರಬಹುದು.

"ನಮಗೆ ಎ.ಸಿ. ಬೇಡ, ಕಿಟಕಿ ತೆಗೆದರೆ ಆಯ್ತು" ಎಂದು ಎ.ಸಿ. ಕೆಟ್ಟ ಕಾರನ್ನು ಅಗ್ಗಕ್ಕೆ ತರುವವರಿದ್ದಾರೆ. ಮಳೆಯಲ್ಲಿ ಕಿಟಕಿ ತೆಗೆಯಲಾಗದು. ಮುಚ್ಚಿದರೆ ನಾಲ್ಕು ಜನರ ಉಸಿರಿಗೆ ಗಾಜು ಮಬ್ಬಾಗುತ್ತದೆ. ಒಳಗಿನ ತೇವ ಹೀರಿ ಗಾಜು ತಿಳಿಯಾಗಿಸುವುದು ಎ.ಸಿ.ಯೇ. ಬಿಸಿಗಾಳಿ, ಹಿಂಗಾಜಿನ ಡಿಫಾಗರ್, ವೈಪರ್ ಮೋಟಾರಿನ ಎಲ್ಲ ವೇಗಗಳನ್ನೂ ಹಾಕಿ ನೋಡಿ. ಹೆಡ್‌ಲೈಟ್ ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಬಹುದು, ಒಳಗೆ ನೀರು ನಿಂತಿದ್ದರೆ ಬದಲಿಸಬೇಕು. ಕಣ್ಣು ಕುಕ್ಕುವ ಬಿಳಿ ಎಲ್ಇಡಿ ಬಲ್ಬು ಹಾಕಿಸಿದ್ದರೆ ತೆಗೆಸಿ. ಮಂಜಿನಲ್ಲಿ ಆ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಮಳೆ ಬರುವಾಗಲೇ ಓಡಿಸಿ

ಮಾರುವವರು ಬಿಸಿಲಿರುವಾಗ ಕರೆಯುತ್ತಾರೆ. ನೀವು ಮಳೆ ಬರುವಾಗ ಹೋಗಿ. ಬಾಗಿಲ ರಬ್ಬರು ಸೋರುತ್ತದೆಯೇ, ಕಾಲ ಬಳಿ ನೀರಿಳಿಯುತ್ತದೆಯೇ ಎಂಬುದು ಆಗಲೇ ತಿಳಿಯುವುದು. ಹೆಬ್ಬೂರಿನ ಮೇಲೆ ಕುಣಿಗಲ್ ಕಡೆ ಸ್ವಲ್ಪ ದೂರ ಓಡಿಸಿ. ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 40ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಕಾರು ಎಡಕ್ಕೋ ಬಲಕ್ಕೋ ಎಳೆಯಬಾರದು. ಪೆಡಲ್ ಅದುರಿದರೆ ಅದು ಎಬಿಎಸ್ ಕೆಲಸ, ಗಾಬರಿ ಬೇಡ. ಪುರುಸೊತ್ತಿದ್ದರೆ ದೇವರಾಯನದುರ್ಗದ ತಿರುವುಗಳನ್ನು ಹತ್ತಿಸಿ ಇಳಿಸಿ. ಕ್ಲಚ್ ಸವೆದಿದ್ದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಬ್ರೇಕಿನ ದೋಷ ಇಳಿಜಾರಲ್ಲಿ ಬಯಲಾಗುತ್ತದೆ.

ಡೀಸೆಲ್ ಬೇಕೆನ್ನುವವರಿಗೆ ಒಂದು ಮಾತು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತಾನೇ ಮಸಿ ಸುಟ್ಟುಕೊಳ್ಳಲು ಹೆದ್ದಾರಿಯ ಓಟ ಬೇಕು. ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಾಡುವವರ ಕೈಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ನಿತ್ಯ ಕುಣಿಗಲ್‌ನಿಂದ ಬೆಂಗಳೂರಿಗೆ ಹೋಗಿಬರುವವರಿಗೆ ಡೀಸೆಲ್ ಸರಿ, ಗುಬ್ಬಿ ಪೇಟೆಯೊಳಗಿನ ಓಡಾಟಕ್ಕೆ ಬೇಡ.

ಕಾಗದಪತ್ರ

ಎಂಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಎಷ್ಟನೇ ಮಾಲೀಕರು, ವಿಮೆ ಎಂದಿನವರೆಗೆ, ಸಾಲವಿದೆಯೇ ಎಂಬುದು ತಿಳಿಯುತ್ತದೆ. ಸಾಲ ತೀರಿದ್ದರೆ ಬ್ಯಾಂಕಿನ ಎನ್ಒಸಿ ಮತ್ತು ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯದ ಗಾಡಿಗೆ ಫಾರಂ 28ರ ಎನ್ಒಸಿ ಜೊತೆಗೆ ಇಲ್ಲಿನ ತೆರಿಗೆಯೂ ಸೇರುತ್ತದೆ. ಅಗ್ಗವೆಂದು ತಂದದ್ದು ಅಲ್ಲಿಗೆ ಸಮವಾಗುತ್ತದೆ. ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ಎಂದು ನೋಡಿ, ಮಾರುವವರಿಂದಲೇ ಕಟ್ಟಿಸಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಒಂದಿಷ್ಟು ಹಣ ತಡೆಹಿಡಿದುಕೊಳ್ಳುವ ಮಾತನ್ನು ಮುಂಗಡ ಕೊಡುವಾಗಲೇ ಆಡಿ, ಬರೆಸಿಕೊಳ್ಳಿ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ, ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ ಪರಿಹಾರ ಸಿಗುವುದು ಕಷ್ಟ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇರೆಯೇ ಇದೆ. ಹಳೆಯ ಗಾಡಿಗಳಿಗೆ ಅನೇಕ ಕಂಪನಿಗಳು ಅದನ್ನು ಕೊಡುವುದಿಲ್ಲ. ಕೊಡುವ ಕಂಪನಿಗಳೂ ಸಾಮಾನ್ಯವಾಗಿ ಪಾಲಿಸಿ ನವೀಕರಿಸುವಾಗಲೇ ಸೇರಿಸುತ್ತವೆ. ಹಾಗಾಗಿ ಕಾರಿಗೆ ಮುಂಗಡ ಕೊಡುವ ಮುಂಚೆಯೇ ವಿಮೆ ಏಜೆಂಟರಿಗೆ ಒಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ.