ಶಾಕ್ ಕೊಳ್ಳುವ ಮೊದಲು ಟೇಪು ಹಿಡಿ

ಅಳಿಯಾ,

ನಿನ್ನ ಹಿಮಾಲಯನ್ 411ಕ್ಕೆ ಹಿಂದಿನ ಶಾಕ್ ಬದಲಿಸಬೇಕು, ಯಾವುದು ಒಳ್ಳೆಯದು ಮಾವ ಅಂತ ಕೇಳಿದ್ದೀಯ. ಒಂದು ಕಂಪನಿಯ ಹೆಸರು ಹೇಳಿ ಮುಗಿಸುವುದು ನನಗೆ ಸುಲಭ. ಆದರೆ ಶಾಕ್ ಹೆಸರು ನೋಡಿ ಕೊಳ್ಳುವ ಸಾಮಾನಲ್ಲ. ಸವಾರನ ತೂಕ ಎಷ್ಟು, ಹಿಂದೆ ಎಷ್ಟು ಲಗೇಜು ಕಟ್ಟುತ್ತಾನೆ, ಎಂಥ ದಾರಿಯಲ್ಲಿ ಓಡಾಡುತ್ತಾನೆ, ಇಷ್ಟು ಗೊತ್ತಾದ ಮೇಲೆ ಕೊಳ್ಳಬೇಕು. ಅದಕ್ಕೂ ಮೊದಲು, ಈಗ ಇರುವ ಶಾಕ್ ನಿಜವಾಗಿ ಕೆಟ್ಟಿದೆಯೇ ಅಂತ ನೋಡಬೇಕು. ಹುಡುಗರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದು.

ನಮ್ಮ ಕಾಲದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ದಿಗೆ ಹಿಂದೆ ಎರಡು ಶಾಕ್, ಚಕ್ರದ ಎರಡೂ ಪಕ್ಕ ಒಂದೊಂದು. ಬಿಚ್ಚುವುದು ಸುಲಭ, ಹಾಕುವುದೂ ಸುಲಭ. ಆದರೆ ಚಕ್ರ ಮೇಲೆ ಕೆಳಗೆ ಓಡುವ ದೂರ ಬಹಳ ಕಡಿಮೆ. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ ಎರಡರ ಬದಲು ಒಂದೇ ಶಾಕ್ ಅನ್ನು ಸೀಟಿನ ಕೆಳಗೆ ಮಲಗಿಸುವ ಉಪಾಯ ಕಂಡುಹಿಡಿದ. ಅದನ್ನು ಯಮಹಾ ಕೈಗೆತ್ತಿಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅಂಥ ಒಂಟಿ ಶಾಕಿನ ಯಮಹಾದಲ್ಲೇ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಮುಂದಿನ ವರ್ಷಗಳಲ್ಲಿ ಕವಾಸಕಿ, ಹೋಂಡಾ, ಸುಜುಕಿ ಕಂಪನಿಗಳು ಶಾಕಿಗೂ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೂ ನಡುವೆ ಲಿಂಕೇಜ್ ಸೇರಿಸಿದವು. ಚಕ್ರ ಸ್ವಲ್ಪ ಏರಿದಾಗ ಮೆತ್ತಗೆ, ಪೂರ್ತಿ ಏರುವ ಹೊತ್ತಿಗೆ ಗಟ್ಟಿ: ಈ ಗುಣ ಬಂದದ್ದು ಆ ಲಿಂಕೇಜಿನಿಂದ. ನಿನ್ನ ಗಾಡಿಯಲ್ಲಿ ಇರುವುದೂ ಇದೇ ಏರ್ಪಾಡು. ಹಿಂದಿನ ಚಕ್ರ ಒಟ್ಟು 180 ಮಿ.ಮೀ. ಓಡುತ್ತದೆ, ಶಾಕಿನ ರಾಡ್ ಓಡುವುದು ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಶಾಕಿನ ಒಂದೊಂದು ಮಿಲಿಮೀಟರಿನ ಮೇಲೂ ಭಾರ ಜಾಸ್ತಿ, ಆ ಲಿಂಕೇಜಿನ ಬೇರಿಂಗಿನ ಮೇಲಂತೂ ಇನ್ನೂ ಜಾಸ್ತಿ.

ಅದಕ್ಕೇ ನಾನು ಶಾಕಿನ ಮಾತಿಗೆ ಮುಂಚೆ ಲಿಂಕೇಜಿನ ಮಾತು ಎತ್ತುವುದು. ಮಲೆನಾಡಿನ ಮಳೆಯಲ್ಲಿ, ಕೆಮ್ಮಣ್ಣಿನ ಎಸ್ಟೇಟ್ ದಾರಿಯಲ್ಲಿ ಓಡಿದ ಗಾಡಿಯ ಲಿಂಕೇಜ್ ಒಂದೆರಡು ಮಳೆಗಾಲದಲ್ಲೇ ಒಣಗಿ ಕೂರುತ್ತದೆ. ಎಂಜಿನ್ನಿನ ಹಿಂದೆ, ಸ್ವಿಂಗ್ ಆರ್ಮಿನ ಅಡಿಯಲ್ಲಿ, ಚಕ್ರ ಎರಚುವ ಕೆಸರು ನೇರವಾಗಿ ಬಂದು ಬೀಳುವ ಜಾಗ ಅದು. ಮೇಲಿಂದ ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ಗನ್ ಹಿಡಿದವನು ಸೀಲಿಗೇ ನೀರು ಹೊಡೆದರೆ ಒಳಗಿನ ಗ್ರೀಸು ತೊಳೆದು ಹೋಯಿತು ಅಂತಲೇ ಲೆಕ್ಕ. ನಿಡಲ್ ಬೇರಿಂಗಿನ ಒಳಗಿರುವ ಬುಷ್ ಎಳೆದು ಬೆಳಕಿಗೆ ಹಿಡಿದು ನೋಡು. ಚೆನ್ನಾಗಿದ್ದರೆ ಕನ್ನಡಿಯಂತೆ ಹೊಳೆಯುತ್ತದೆ. ಕೆಟ್ಟಿದ್ದರೆ ಸೂಜಿಗಳು ಕೂತ ಕಡೆಯೆಲ್ಲ ಸಾಲಾಗಿ ಕಂದು ಗೆರೆ, ಉಗುರು ಎಳೆದರೆ ಸಿಕ್ಕುವಷ್ಟು ಆಳ. ಗ್ರೀಸಿನ ಜಾಗದಲ್ಲಿ ತುಕ್ಕು ಕಲಸಿದ ಕೆಸರು. ಇಂಥ ಲಿಂಕೇಜಿಗೆ ಜಗತ್ತಿನ ಯಾವ ಶಾಕ್ ಹಾಕಿದರೂ ಗಾಡಿ ಕಟಕಟ ಅಂತ ಒದೆಯುತ್ತದೆ. ಸಣ್ಣ ಗುಂಡಿಗೆ ಬೇರಿಂಗ್ ಅಲುಗುವುದೇ ಇಲ್ಲ, ಪೆಟ್ಟೆಲ್ಲ ನೇರ ಬೆನ್ನಿಗೆ. ಆಗ ಶಾಕ್ ಹೋಯಿತು ಅಂತ ಎಲ್ಲರೂ ತೀರ್ಪು ಕೊಡುತ್ತಾರೆ. ಬೇರಿಂಗ್, ಬುಷ್, ಸೀಲ್ ಹೊಸದು ಹಾಕಿ, ನೀರನ್ನು ತಡೆಯುವ ಗ್ರೀಸು ತುಂಬಿದ ಮೇಲೆ ಅದೇ ಹಳೆ ಶಾಕಿನಲ್ಲಿ ಗಾಡಿ ಮೆತ್ತಗೆ ಓಡಿದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಶಾಕ್ ನಿಜವಾಗಿ ಹೋಗಿದ್ದರೆ ಅದೂ ಕಾಣುತ್ತದೆ. ರಾಡಿನ ಮೇಲೆ ಎಣ್ಣೆಯ ಪದರ, ಅದಕ್ಕೆ ಅಂಟಿದ ಧೂಳು. ಸೀಟನ್ನು ಜೋರಾಗಿ ಒತ್ತಿ ಬಿಟ್ಟಾಗ ಒಂದೇ ಸಲಕ್ಕೆ ಬಂದು ನಿಲ್ಲುವ ಬದಲು ಕುಣಿಯುವುದು. ಬೆಳಿಗ್ಗೆ ಹೊರಟಾಗ ಸರಿಯಿದ್ದು, ಅರ್ಧ ಗಂಟೆ ಕಲ್ಲು ದಾರಿಯಲ್ಲಿ ಓಡಿದ ಮೇಲೆ ಹಿಂಬದಿ ತೇಲಿದಂತಾಗುವುದು. ಸ್ಪ್ರಿಂಗ್ ಪೆಟ್ಟನ್ನು ಹಿಡಿದಿಡುತ್ತದೆ ಅಷ್ಟೆ. ಆ ಶಕ್ತಿಯನ್ನು ಶಾಖ ಮಾಡಿ ಕಳೆಯುವುದು ಒಳಗಿನ ಎಣ್ಣೆ, ಸಣ್ಣ ಸಣ್ಣ ವಾಲ್ವುಗಳ ಮೂಲಕ ನುಗ್ಗಿ. ಎಣ್ಣೆ ಬಿಸಿಯಾಗಿ ನೊರೆ ಎದ್ದರೆ ತಡೆಯುವ ಶಕ್ತಿ ಹೋಯಿತು. ನೊರೆ ಏಳದಿರಲಿ ಅಂತಲೇ ಗ್ಯಾಸ್ ಶಾಕಿನಲ್ಲಿ ನೈಟ್ರೋಜನ್ ಒತ್ತಿ ತುಂಬಿರುತ್ತಾರೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಯಾವತ್ತೂ ಬೇಡ ಮಗಾ. ಒತ್ತಡ ಇಳಿಸದೆ ಬಿಚ್ಚಿದರೆ ಒಳಗಿನ ಭಾಗ ಮುಖಕ್ಕೆ ಹಾರುತ್ತದೆ. ನೈಟ್ರೋಜನ್ ಬದಲು ಗಾಳಿ ತುಂಬಿಸಿಕೊಡುತ್ತೇನೆ ಎನ್ನುವವನ ಹತ್ತಿರವೂ ಹೋಗಬೇಡ. ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ, ಬಿಸಿಗೆ ಒತ್ತಡ ಏರುಪೇರಾಗುತ್ತದೆ, ಎಣ್ಣೆಯೂ ಕೆಡುತ್ತದೆ.

ಇನ್ನು ಟೇಪಿನ ಕೆಲಸ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಮತಟ್ಟಾದ ಕಡೆ ಗಾಡಿ ನಿಲ್ಲಿಸು. ನಿನ್ನ ತಂಗಿಯನ್ನೂ ಒಬ್ಬ ಗೆಳೆಯನನ್ನೂ ಕರಿ. ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟು ತೂಗುವಾಗ, ಚಕ್ರದ ಆಕ್ಸಲ್ ನಡುವಿನಿಂದ ನೇರ ಮೇಲಕ್ಕೆ ಬಾಡಿಯ ಮೇಲಿನ ಒಂದು ಗುರುತಿಗೆ ಅಳತೆ ತೆಗೆ. ಆಮೇಲೆ ಸ್ಟ್ಯಾಂಡ್ ಇಳಿಸಿ, ಗಾಡಿ ತನ್ನ ತೂಕದಲ್ಲೇ ನೆಟ್ಟಗೆ ನಿಂತಾಗ ಅದೇ ಅಳತೆ. ಕೊನೆಗೆ ನೀನು ಹೆಲ್ಮೆಟ್, ಬೂಟು, ಜಾಕೆಟ್ ಎಲ್ಲ ಹಾಕಿ, ಸಾಮಾನು ಕಟ್ಟಿ, ಫುಟ್‌ರೆಸ್ಟಿನ ಮೇಲೆ ಎರಡೂ ಕಾಲಿಟ್ಟು ಕೂತಾಗ ಮೂರನೇ ಅಳತೆ. ಗೆಳೆಯ ಮುಂದಿನಿಂದ ಹ್ಯಾಂಡಲ್ ಹಿಡಿದಿರಲಿ, ಟೇಪು ತಂಗಿಯ ಕೈಯಲ್ಲಿರಲಿ. ಪ್ರತಿ ಸಲವೂ ಅಳೆಯುವ ಮೊದಲು ಹಿಂಬದಿಯನ್ನು ಒಂದೆರಡು ಸಲ ಒತ್ತಿ ಬಿಡಬೇಕು, ಇಲ್ಲದಿದ್ದರೆ ಸೀಲಿನ ಬಿಗಿ ಸುಳ್ಳು ಅಳತೆ ಹೇಳುತ್ತದೆ.

ತೂಗುವಾಗ 600 ಮಿ.ಮೀ. ಬಂತು, ಗಾಡಿಯ ತೂಕದಲ್ಲಿ 580, ನೀನು ಕೂತಾಗ 542 ಅಂದುಕೋ. ಗಾಡಿ ತಾನಾಗಿ 20 ಕುಸಿಯಿತು, ನೀನು ಕೂತ ಮೇಲೆ ಒಟ್ಟು 58. ಇದಕ್ಕೇ ಸ್ಯಾಗ್ ಅನ್ನುವುದು. ಸವಾರ ಕೂತಾಗಿನ ಕುಸಿತ ಒಟ್ಟು ಓಟದ ಮೂರನೇ ಒಂದು ಪಾಲಿಗೆ ಹತ್ತಿರ ಇರಬೇಕು. 180ಕ್ಕೆ 60 ಸುಮಾರು. ಆದ್ದರಿಂದ ಈ ಗಾಡಿಯ ಸ್ಪ್ರಿಂಗ್ ಈ ಸವಾರನಿಗೆ ಸರಿಯಿದೆ, ಹೊಸ ಸ್ಪ್ರಿಂಗ್ ಬೇಡ.

ಆದರೆ 58 ಬರಿಸಲು ಪ್ರೀಲೋಡ್ ಅನ್ನು, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿಯನ್ನು, ಕೊನೆಯವರೆಗೂ ತಿರುಗಿಸಬೇಕಾಗಿ ಬಂದು, ಗಾಡಿ ತಾನಾಗಿ ಕುಸಿಯುವುದು ಐದಾರು ಮಿಲಿಮೀಟರಿಗೆ ಇಳಿದಿದ್ದರೆ, ಆ ಸ್ಪ್ರಿಂಗ್ ನಿನ್ನ ತೂಕಕ್ಕೆ ಮೆತ್ತಗಾಯಿತು. ತದ್ವಿರುದ್ಧವಾಗಿ, ನೀನು ಕೂತಾಗ 58 ಬಂದರೂ ಗಾಡಿ ತಾನಾಗಿಯೇ 35 ಕುಸಿಯುತ್ತಿದ್ದರೆ ಸ್ಪ್ರಿಂಗ್ ನಿನಗೆ ಗಟ್ಟಿಯಾಯಿತು. ಕೇಳುವುದಕ್ಕೆ ಇದು ಉಲ್ಟಾ ಅನ್ನಿಸುತ್ತದೆ. ಕಾರಣ ಇಷ್ಟೆ: ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿಯ ಹಿಂಬದಿ ಎತ್ತರವಾಗುತ್ತದೆ. ಮೆತ್ತನೆ ಸ್ಪ್ರಿಂಗನ್ನು ಎಷ್ಟು ಬಿಗಿದರೂ ದೊಡ್ಡ ಗುಂಡಿಯಲ್ಲಿ ಅದು ತಳ ಮುಟ್ಟಿಯೇ ಮುಟ್ಟುತ್ತದೆ. ಅಂಗಡಿಯವರು ಎಷ್ಟೋ ಜನ ಇದನ್ನು ಬಿಡಿಸಿ ಹೇಳುವುದಿಲ್ಲ. ಈ ಮೂರು ಅಳತೆ ಕೈಯಲ್ಲಿದ್ದರೆ ನೀನೇ ಕೇಳಿ ತಿಳಿದುಕೊಳ್ಳಬಹುದು.

ಸ್ಪ್ರಿಂಗ್ ಮಾತ್ರ ಗಟ್ಟಿಯದು ಹಾಕಿದರೆ ಸಾಲದೇ ಅಂದರೆ, ಸ್ವಲ್ಪ ಗಟ್ಟಿಯಾದರೆ ಸಾಕು, ತೀರಾ ಗಟ್ಟಿಯಾದರೆ ಸಾಲದು. ಗಟ್ಟಿ ಸ್ಪ್ರಿಂಗ್ ಜೋರಾಗಿ ಹಿಂದೆ ತಳ್ಳುತ್ತದೆ, ಅದನ್ನು ತಡೆಯುವ ರಿಬೌಂಡ್ ಡ್ಯಾಂಪಿಂಗ್ ಜೊತೆಯಲ್ಲೇ ಏರಬೇಕು. ನಿನ್ನ ಗಾಡಿಯ ಕಂಪನಿ ಶಾಕಿನಲ್ಲಿ ಪ್ರೀಲೋಡ್ ಬಿಟ್ಟರೆ ಬೇರೇನೂ ತಿರುಗಿಸಲು ಸಿಗುವುದಿಲ್ಲ. ಹೊಸ ಶಾಕ್ ಬೇಕು ಅನ್ನುವ ಮಾತಿಗೆ ನಾನು ಒಪ್ಪುವುದು ಈ ಹಂತದಲ್ಲಿ. ಕೊಳ್ಳುವಾಗ ಶಾಕಿನ ಎರಡೂ ತುದಿಯ ಕಣ್ಣುಗಳ ನಡುವಿನ ಉದ್ದ, ರಾಡಿನ ಓಟ, ಬೋಲ್ಟಿನ ದಪ್ಪ, ಬುಷಿನ ಅಗಲ, ಪಕ್ಕದ ಗ್ಯಾಸ್ ಡಬ್ಬಿ ಫ್ರೇಮಿಗೆ ತಾಗುತ್ತದೋ ಇಲ್ಲವೋ, ಎಲ್ಲ ನೋಡು. ಗಾಡಿ ಎತ್ತರ ಕಾಣಲಿ ಅಂತ ಉದ್ದದ ಶಾಕ್ ಹಾಕಿಸಬೇಡ. ಹಿಂಬದಿ ಏರಿದರೆ ಮುಂದಿನ ಫೋರ್ಕ್ ನೆಟ್ಟಗಾಗಿ ಹ್ಯಾಂಡಲ್ ಚಂಚಲವಾಗುತ್ತದೆ, ಚೈನು ಸ್ವಿಂಗ್ ಆರ್ಮನ್ನು ಉಜ್ಜುತ್ತದೆ, ಸೈಡ್ ಸ್ಟ್ಯಾಂಡ್ ಸಾಲದೆ ಗಾಡಿ ವಾಲುತ್ತದೆ. ಕಂಪನಿಯವರೇ ಎತ್ತರ ಮಾಡಿಕೊಡುವಾಗಲೂ ಒಂದನ್ನೇ ಮಾಡುವುದಿಲ್ಲ. ಹೀರೋ ಎಕ್ಸ್‌ಪಲ್ಸ್ 200ರಲ್ಲಿ ಮುಂದೆ 190, ಹಿಂದೆ 170 ಮಿ.ಮೀ. ಓಟ. ಅದರ ರ‍್ಯಾಲಿ ಕಿಟ್ಟಿನಲ್ಲಿ ಮುಂದೆ 250, ಹಿಂದೆ 220. ಎರಡೂ ಕಡೆ ಒಟ್ಟಿಗೇ ಏರಿಸಿದ್ದಾರೆ ನೋಡು.

ಬಿಚ್ಚುವ ಕೆಲಸ ನೀನೇ ಮಾಡು, ಆಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಗಾಡಿ ಮುಂದೆ ಉರುಳದಂತೆ ಮುಂದಿನ ಬ್ರೇಕ್ ಲಿವರನ್ನು ಹಳೆ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟು. ಸ್ವಿಂಗ್ ಆರ್ಮ್ ಹಿಡಿದೆತ್ತುವ ಪ್ಯಾಡಕ್ ಸ್ಟ್ಯಾಂಡ್ ಈ ಕೆಲಸಕ್ಕೆ ಬರುವುದಿಲ್ಲ, ಶಾಕ್ ಕಳಚಿದ ಕ್ಷಣ ಗಾಡಿ ಕುಸಿಯುತ್ತದೆ. ಸೀಟು, ಸೈಡ್ ಪ್ಯಾನಲ್ ತೆಗೆದ ಮೇಲೆ ಹಿಂದಿನ ಚಕ್ರದ ಅಡಿಗೆ ಹಲಗೆ ಕೊಟ್ಟು, ಬೋಲ್ಟಿನ ಮೇಲಿನ ಭಾರ ಹೋಗುವಷ್ಟು ಮಾತ್ರ ಎತ್ತು. ಭಾರ ಹೋದರೆ ಬೋಲ್ಟು ಬೆರಳಲ್ಲೇ ಬರುತ್ತದೆ. ಬಾರದಿದ್ದರೆ ಸುತ್ತಿಗೆ ಎತ್ತುವ ಮೊದಲು ಹಲಗೆಯನ್ನು ಒಂದು ಕೂದಲು ಮೇಲೆ ಕೆಳಗೆ ಮಾಡಿ ನೋಡು. ಕೆಳಗಿನ ಬೋಲ್ಟು ಮೊದಲು, ಮೇಲಿನದು ಆಮೇಲೆ. ತೆಗೆದ ಬೋಲ್ಟುಗಳನ್ನು ಎಡ ಬಲ ಗುರುತಿಟ್ಟು ಪೇಪರಿನ ಮೇಲೆ ಸಾಲಾಗಿ ಇಡು.

ಶಾಕ್ ಹೊರಗೆ ಬಂದಾಗ ಒಂದು ಕೆಲಸ ತಪ್ಪದೆ ಮಾಡು. ಚಕ್ರವನ್ನು ಕೈಯಲ್ಲಿ ಹಿಡಿದು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸು. ಎಲ್ಲೂ ಕರಕರ ಅನ್ನದೆ ನಯವಾಗಿ ಓಡಬೇಕು. ಆಮೇಲೆ ಅಡ್ಡಕ್ಕೆ ಅಲುಗಿಸು, ಆಟ ಸಿಗಬಾರದು. ಸ್ವಿಂಗ್ ಆರ್ಮ್ ಬೇರಿಂಗಿನ ಆರೋಗ್ಯ ಹೀಗೆ ಅಂಗೈಗೆ ತಿಳಿಯುವಷ್ಟು ಬೇರೆ ಯಾವಾಗಲೂ ತಿಳಿಯದು. ಲಿಂಕೇಜ್ ಬಿಚ್ಚುವಾಗ ಕೆಳಗೆ ತಟ್ಟೆ ಇಟ್ಟುಕೋ. ಕೆಲವು ನಿಡಲ್ ಬೇರಿಂಗಿನ ಸೂಜಿಗಳು ಬುಷ್ ಎಳೆದ ಕೂಡಲೇ ಉದುರುತ್ತವೆ, ಒಂದು ಕಳೆದರೂ ಬೇರಿಂಗ್ ಕೆಲಸಕ್ಕೆ ಬಾರದು. ಜೋಡಿಸುವಾಗ ಲಾಕ್ ನಟ್ ಹೊಸದೇ ಇರಲಿ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಕೂರಿಸಿ, ಕೊನೆಯಲ್ಲಿ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟೇ ಟಾರ್ಕಿಗೆ ಬಿಗಿ. ಅಂದಾಜಿನ ಬಿಗಿ ಇಲ್ಲಿ ಅಪಾಯ. ಚೈನಿನ ಸಡಿಲವನ್ನೂ ಹೊಸದಾಗಿ ಹೊಂದಿಸು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ತಿರುಗುಣಿ, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ಆ ಸ್ಥಿತಿಯಲ್ಲೂ ಸ್ವಲ್ಪ ಸಡಿಲ ಉಳಿಯಬೇಕು.

ಹಾಕಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಒಟ್ಟಿಗೆ ತಿರುಗಿಸುವ ಚಟಕ್ಕೆ ಬೀಳಬೇಡ. ಮೊದಲು ಸ್ಯಾಗ್. ಆಮೇಲೆ ರಿಬೌಂಡ್. ಸ್ಕ್ರೂವನ್ನು ಪೂರ್ತಿ ಒಳಕ್ಕೆ ನಯವಾಗಿ ತಿರುಗಿಸುತ್ತಾ ಎಷ್ಟು ಕ್ಲಿಕ್ ಆಯಿತು ಅಂತ ಎಣಿಸಿ ಬರೆದುಕೊಂಡು, ಮತ್ತೆ ಅಷ್ಟೇ ಹೊರಕ್ಕೆ ತಂದಿಡು. ನಿನಗೆ ಚೆನ್ನಾಗಿ ಗೊತ್ತಿರುವ ಒಂದು ತುಂಡು ದಾರಿ ಆರಿಸಿಕೋ. ಅದೇ ದಾರಿ, ಅದೇ ವೇಗ, ಒಂದು ಸಲಕ್ಕೆ ಒಂದೋ ಎರಡೋ ಕ್ಲಿಕ್. ಗುಂಡಿ ದಾಟಿದ ಮೇಲೆ ಹಿಂಬದಿ ಚಿಮ್ಮಿ ಸೀಟು ನಿನ್ನನ್ನು ಎತ್ತಿ ಎಸೆದರೆ ರಿಬೌಂಡ್ ಕಡಿಮೆ ಇದೆ. ಸಾಲು ಸಾಲು ಹಂಪುಗಳ ಮೇಲೆ ಹೋಗುತ್ತಾ ಹೋಗುತ್ತಾ ಹಿಂಬದಿ ಕೆಳಗೇ ಕೂತು, ಕೊನೆಕೊನೆಗೆ ಕಲ್ಲಿನಂತಾದರೆ ರಿಬೌಂಡ್ ಜಾಸ್ತಿಯಾಗಿದೆ. ಒಂದು ಪೆಟ್ಟಿನಿಂದ ಎದ್ದು ಬರುವ ಮೊದಲೇ ಇನ್ನೊಂದು ಬೀಳುತ್ತಿದೆ ಅಂತ ಅರ್ಥ. ಈ ಎರಡನೆಯದನ್ನೇ ಹುಡುಗರು ಸ್ಪ್ರಿಂಗ್ ಗಟ್ಟಿಯಾಯಿತು ಅಂತ ತಪ್ಪು ತಿಳಿಯುತ್ತಾರೆ.

ಇನ್ನೊಂದು ಮಾತು, ನಿಷ್ಠುರ ಅನ್ನಿಸಿದರೂ ಹೇಳಲೇಬೇಕು. ಒಳ್ಳೆಯ ಶಾಕ್ ದಾರಿಯ ಪೆಟ್ಟನ್ನು ಬೆನ್ನಿಗೆ ಮುಟ್ಟಿಸುವುದಿಲ್ಲ, ಹಾಗಾಗಿ ವೇಗ ತಾನಾಗಿ ಏರುತ್ತದೆ. ಬ್ರೇಕು ಹಳೆಯದೇ, ಟೈರು ಹಳೆಯದೇ, ತಿರುವಿನಾಚೆ ತೋಟದ ಕೆಲಸ ಮುಗಿಸಿ ಬರುವ ಹೆಂಗಸರೂ ಶಾಲೆ ಮಕ್ಕಳೂ ಇದ್ದೇ ಇರುತ್ತಾರೆ. ಶಾಕಿಗೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಕಲಿಕೆಗೆ ಇಡು. ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ. ಕೋಲಾರದ ಕಡೆ ಅವರು ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕಿನಂಥ ಕಡೆ ಹೋಗಿ, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮೊಣಕಾಲು ಮಡಚಿ ಓಡಿಸುವುದನ್ನು ಸರಿಯಾಗಿ ಕಲಿ. ಅದನ್ನು ಕಲಿತವನಿಗೆ ಕಂಪನಿಯ ಶಾಕಿನಲ್ಲೂ ಗಾಡಿ ಬೇರೆಯೇ ಆಗಿ ಕಾಣುತ್ತದೆ. ಕಾಡಿನೊಳಗೆ, ಹುಲ್ಲುಗಾವಲಿನ ಮೇಲೆ ಗಾಡಿ ಹತ್ತಿಸಿ ಪರೀಕ್ಷೆ ಮಾಡುವುದು ಬೇಡ. ಚಕ್ರ ಕೊರೆದ ಗೆರೆಯಲ್ಲಿ ಮುಂದಿನ ಮಳೆಗೆ ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ.

ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಬೋಲ್ಟಿನ ಬಿಗಿಯನ್ನೂ ಸ್ಯಾಗನ್ನೂ ಮತ್ತೊಮ್ಮೆ ನೋಡು. ಪ್ರತಿ ಮಳೆಗಾಲ ಮುಗಿದ ಕೂಡಲೇ ಲಿಂಕೇಜ್ ಬಿಚ್ಚಿ ಗ್ರೀಸು ಹಾಕು. ಅದಕ್ಕೆಲ್ಲ ಇನ್ನೂ ಸಮಯವಿದೆ. ಈ ಭಾನುವಾರ ಲಿಂಕೇಜಿನ ಸ್ಥಿತಿ ನೋಡಿ, ಮೂರು ಅಳತೆ ತೆಗೆದು, ನಿನ್ನ ತೂಕದ ಜೊತೆ ಬರೆದು ಕಳಿಸು. ಶಾಕ್ ಬೇಕೋ ಬೇಡವೋ, ಬೇಕಾದರೆ ಎಷ್ಟು ಗಟ್ಟಿಯ ಸ್ಪ್ರಿಂಗ್ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾವ ಅಂಗಡಿಗೂ ಮುಂಗಡ ಕೊಡಬೇಡ.