ಆರು ಮಂದಿ ಕೈಕೊಟ್ಟರು, ಬಿಲ್ ಯಾರ ತಲೆಗೆ?

ಹಳೇ ಕ್ಲಾಸ್‌ಮೇಟ್‌ಗಳ ಕೂಟಕ್ಕೆ ಬೆಂಗಳೂರಿನ ಒಂದು ರೆಸ್ಟೋರೆಂಟಿನಲ್ಲಿ 20 ಮಂದಿಗೆ ಭಾನುವಾರ ಮಧ್ಯಾಹ್ನದ ಬಫೆ ಹೇಳಿದ್ದೀರಿ ಎಂದುಕೊಳ್ಳಿ. ಪ್ಲೇಟಿಗೆ 800 ರೂಪಾಯಿ, ಅಡ್ವಾನ್ಸ್ 5,000, ಎಷ್ಟೇ ಮಂದಿ ಬಂದರೂ 18 ಪ್ಲೇಟಿನ ದುಡ್ಡು ಗ್ಯಾರಂಟಿ. ಶನಿವಾರ ರಾತ್ರಿಯವರೆಗೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆಟ್ಟುಗಳ ಸುರಿಮಳೆ. ಬೆಳಗಾದರೆ ‘ಸಾರಿ ಕಣ್ರೋ, ಮನೆಗೆ ನೆಂಟರು ಬಂದ್ಬಿಟ್ರು’ ಎಂದು ಒಬ್ಬ. ಅವನ ಹಿಂದೆಯೇ ಇನ್ನೊಬ್ಬ. ಹನ್ನೊಂದರ ಹೊತ್ತಿಗೆ ಆರು ಮಂದಿ ಖೋತಾ.

ಇಲ್ಲಿ ಇರುವುದು ಎರಡು ಲೆಕ್ಕ. ಹೋಟೆಲಿಗೆ ನೀವು ಕೊಡಬೇಕಾದದ್ದು ಒಂದು, ಗೆಳೆಯರು ನಿಮಗೆ ಕೊಡಬೇಕಾದದ್ದು ಇನ್ನೊಂದು. ಜಗಳ ಹುಟ್ಟುವುದು ಎರಡನ್ನೂ ಒಟ್ಟಿಗೆ ಕಲಸಿದಾಗ. ಹೋಟೆಲಿನವರಿಗೆ ಗೊತ್ತಿರುವುದು ಬುಕ್ ಮಾಡಿದವರ ಹೆಸರು, ನಂಬರು ಮಾತ್ರ. ಯಾರ ಮನೆಗೆ ನೆಂಟರು ಬಂದರು ಎನ್ನುವುದು ಅವರಿಗೆ ಬೇಡದ ಸಂಗತಿ.

ಮೊದಲು ಫೋನು

ಗುಂಪಿನಲ್ಲಿ ವಾದಕ್ಕೆ ಕೂರುವ ಮುಂಚೆ ಹೋಟೆಲಿಗೆ ಫೋನ್ ಮಾಡಿ. ಫೋನೆತ್ತಿದ ಹುಡುಗನ ಹತ್ತಿರ ಹೇಳಿ ಪ್ರಯೋಜನವಿಲ್ಲ, ಮ್ಯಾನೇಜರನ್ನೇ ಕೇಳಿ. ಎಲ್ಲ ಗಿರಾಕಿಗಳೂ ತಿನ್ನುವ ಬಫೆಯಾದರೆ ನಿಮ್ಮ ಮಾತಿಗೆ ಬೆಲೆಯಿದೆ: ಭಾನುವಾರ ಮಧ್ಯಾಹ್ನ ನಾಲ್ಕು ಕುರ್ಚಿ ಖಾಲಿಯಾದರೆ ಬಾಗಿಲಲ್ಲಿ ಕಾಯುತ್ತಿರುವವರು ಬಂದು ಕೂರುತ್ತಾರೆ, ಅವರಿಗೆ ನಷ್ಟ ಕಡಿಮೆ. ಪಾರ್ಟಿ ಹಾಲ್ ಹಿಡಿದು ನಿಮಗೆಂದೇ ಅಡುಗೆ ಮಾಡಿಸಿದ್ದರೆ ಬೆಳಗ್ಗೆಯೇ ತರಕಾರಿ ಹೆಚ್ಚಿ, ಪನೀರ್ ಮಸಾಲೆಯಲ್ಲಿ ನೆನೆಹಾಕಿ ಆಗಿರುತ್ತದೆ. ಆಗ ಹೆಚ್ಚು ಎಳೆದಾಡುವುದು ನ್ಯಾಯವಲ್ಲ.

‘ಸಾರ್, ಹದಿನೆಂಟನ್ನ ಹದಿನೈದಕ್ಕೆ ಇಳಿಸಿಕೊಡ್ತೀರಾ?’ ಎಂದು ಕೇಳಿ. ಆಗದಿದ್ದರೆ ಖಾಲಿ ಪ್ಲೇಟಿನ ಲೆಕ್ಕಕ್ಕೆ ಪಾರ್ಸೆಲ್ ಕೊಡುತ್ತಾರಾ ಕೇಳಿ. ಬಫೆಯಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ, ಮೊದಲೇ ಆರ್ಡರ್ ಕೊಟ್ಟ ಊಟಕ್ಕೆ ಒಪ್ಪಬಹುದು. ಒಪ್ಪಿದ್ದು ಏನೇ ಇರಲಿ, ತಕ್ಷಣ ಒಂದು ಸಾಲಿನ ಮೆಸೇಜ್ ಹಾಕಿ ‘ಓಕೆ’ ಅನ್ನಿಸಿಕೊಳ್ಳಿ. ಬಿಲ್ಲಿನ ಹೊತ್ತಿಗೆ ಕೌಂಟರಿನಲ್ಲಿ ಬೇರೆಯವರು ಕೂತಿರುತ್ತಾರೆ. ಅಷ್ಟರಲ್ಲಿ ಹತ್ತಿರದಲ್ಲಿರುವ ಭಾವನನ್ನೋ, ಗೆಳೆಯರ ಮಕ್ಕಳನ್ನೋ ಕರೆಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪರಿಹಾರ ಇನ್ನೊಂದಿಲ್ಲ.

ಪೂರ್ತಿ ಕೂಟವೇ ರದ್ದಾದರೆ ದುಡ್ಡು ವಾಪಸ್ ಕೇಳುವ ಬದಲು ಅಡ್ವಾನ್ಸನ್ನು ಇನ್ನೊಂದು ದಿನಕ್ಕೆ ಹಾಕಿಕೊಡಿ ಎನ್ನಿ. ಅದಕ್ಕೆ ಬಹುಮಟ್ಟಿಗೆ ತಲೆಯಾಡಿಸುತ್ತಾರೆ. ‘ಅಡ್ವಾನ್ಸ್ ಮರಳಿಸಲಾಗುವುದಿಲ್ಲ’ ಎಂದು ರಸೀದಿಯಲ್ಲಿ ಅಚ್ಚಾಗಿದ್ದರೂ ಅದೇ ಕೊನೆಯ ಮಾತಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರು ಮುರಿದವರಿಂದ ಕೇಳಬಹುದಾದದ್ದು ಸಮಂಜಸವಾದ ಪರಿಹಾರವನ್ನಷ್ಟೇ. ತೀರಾ ಅನ್ಯಾಯ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಐದು ಸಾವಿರಕ್ಕಾಗಿ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದು ನನ್ನ ಮಟ್ಟಿಗೆ ಹೆಚ್ಚಾಯಿತು.

ಬಿಲ್ ಕೈಗೆ ಬಂದಾಗ

ಪ್ಲೇಟಿನ ಸಂಖ್ಯೆ 18 ಇದೆಯೋ, 20 ಹಾಕಿದ್ದಾರೋ ನೋಡಿ. ಅಡ್ವಾನ್ಸ್ ಕಳೆದಿದ್ದಾರಾ ನೋಡಿ. ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇದೇ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳೊಳಗಿನ ರೆಸ್ಟೋರೆಂಟಾದರೆ ಸಾಮಾನ್ಯವಾಗಿ ಶೇ 18. ರದ್ದತಿ ಶುಲ್ಕದ ಮೇಲೂ ಊಟಕ್ಕೆ ಹಾಕುವ ದರದಲ್ಲೇ ಜಿಎಸ್‌ಟಿ ಬೀಳುತ್ತದೆ, ಅದರಲ್ಲಿ ಮೋಸವಿಲ್ಲ. ಸರ್ವಿಸ್ ಚಾರ್ಜ್ ವಿಷಯ ಬೇರೆ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು; ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಯಾರೂ ಕೂರದ ಕುರ್ಚಿಗೆ ಸರ್ವಿಸ್ ಚಾರ್ಜ್ ಹಾಕಿದ್ದರಂತೂ ತೆಗೆಸಿಯೇ ಎದ್ದೇಳಿ.

ಗೆಳೆಯರ ಲೆಕ್ಕ

ಹೋಟೆಲಿನವರು ಒಂದು ಪ್ಲೇಟನ್ನೂ ಬಿಡಲಿಲ್ಲ ಎನ್ನೋಣ. 18 ಪ್ಲೇಟಿಗೆ 14,400, ತೆರಿಗೆ 720, ಒಟ್ಟು 15,120. ಬಂದವರು 14 ಮಂದಿ. ತಲೆಗೆ 840ರಂತೆ ಅವರದು 11,760. ಉಳಿದ 3,360 ನಾಲ್ಕು ಖಾಲಿ ಪ್ಲೇಟಿನದು. ಅದನ್ನು ಬಾರದ ಆರು ಮಂದಿಗೆ ಹಂಚಿದರೆ ತಲಾ 560.

ಕೆಲವರು ಬಾರದವರಿಂದಲೂ ಪೂರ್ತಿ 840 ಕೀಳಬೇಕು ಎನ್ನುತ್ತಾರೆ. ಹಾಗೆ ಮಾಡಿದರೆ ಹೋಟೆಲು ಕೇಳದ 1,680 ರೂಪಾಯಿ ನಿಮ್ಮ ಜೇಬಿನಲ್ಲಿ ಉಳಿಯುತ್ತದೆ. ಎಲ್ಲರಿಗೂ ಸಮನಾಗಿ ಹಂಚುವುದೂ ಸರಿಯಲ್ಲ, ಹೊತ್ತಿಗೆ ಸರಿಯಾಗಿ ಬಂದವರಿಗೆ ಅದು ದಂಡ. ಆದರೆ ಆಸ್ಪತ್ರೆ, ಸಾವು-ನೋವು ಎಂದಾಗ ಲೆಕ್ಕ ಮಾತಾಡಬಾರದು. ಅವರ 560ನ್ನು ಬಂದ ಹದಿನಾಲ್ಕು ಮಂದಿ ನಲವತ್ತರಂತೆ ಹಾಕಿಕೊಂಡರೆ ಮುಗಿಯಿತು. ನೆಂಟರು ಬಂದದ್ದು ಈ ಪಟ್ಟಿಯಲ್ಲಿ ಇಲ್ಲ. ಗುರುವಾರವೇ ‘ಬರಲ್ಲ’ ಎಂದು ಹೇಳಿದ್ದವನ ಮಾತು ನೀವು ಹೋಟೆಲಿಗೆ ಮುಟ್ಟಿಸದೆ ಬಿಟ್ಟಿದ್ದರೆ ಆ ಪಾಲು ನಿಮ್ಮದೇ. ಬೀಳ್ಕೊಡುಗೆ ಊಟವಾದರೆ ಬೀಳ್ಕೊಡಿಸಿಕೊಳ್ಳುವವರನ್ನು ಯಾವ ಪಾಲಿಗೂ ಎಳೆಯಬೇಡಿ.

ಕೇಳುವುದನ್ನು ಅಂದು ರಾತ್ರಿಯೇ ಕೇಳಿ. ವಾರ ಕಳೆದರೆ ನಿಮಗೂ ಮುಜುಗರ, ಅವರಿಗೂ ಮರೆವು. ಬಿಲ್ಲಿನ ಫೋಟೊ, ಕೆಳಗೆ ಲೆಕ್ಕ, ಅದರ ಕೆಳಗೆ ಯುಪಿಐ ನಂಬರು: ‘ನಾಲ್ಕು ಪ್ಲೇಟ್ ಖಾಲಿ ಹೋಯ್ತು, ಬರದೇ ಇದ್ದವರ ಪಾಲಿಗೆ ತಲಾ 560 ಬಂತು ಕಣ್ರೋ, ಇವತ್ತೇ ಹಾಕಿಬಿಡಿ.’ ಲೆಕ್ಕ ಗುಂಪಿನಲ್ಲಿರಲಿ. ಕೊಡದವರ ಹೆಸರು ಮಾತ್ರ ಅಲ್ಲಿ ಎತ್ತಬೇಡಿ, ಫೋನ್ ಮಾಡಿ ಕೇಳಿ.

ಮುಂದಿನ ಸಲ ತಲೆಗೆ 500 ಮೊದಲೇ ಹಾಕಿಸಿಕೊಂಡು, ದುಡ್ಡು ಬಂದವರ ಹೆಸರನ್ನಷ್ಟೇ ಎಣಿಸಿ. ‘ಬರ್ತೀನಿ’ ಎಂದವರು ಇಪ್ಪತ್ತಾದರೆ ಗ್ಯಾರಂಟಿ ಹದಿನೈದಕ್ಕೆ ಕೊಡಿ. ಎರಡು ಪ್ಲೇಟ್ ಜಾಸ್ತಿ ಮಾಡಿ ಎಂದರೆ ಮ್ಯಾನೇಜರ್ ನಗುತ್ತಲೇ ಮಾಡಿಕೊಡುತ್ತಾರೆ, ಕಮ್ಮಿ ಮಾಡಿ ಎಂದಾಗಲೇ ರಸೀದಿ ಪುಸ್ತಕ ತೆಗೆಯುವುದು.