ಕಂಪನಿ ಕೈಬಿಟ್ಟ ಮೇಲೆ ನ್ಯೂಸ್‌ಗ್ರೂಪ್

ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿ ತನ್ನ ನ್ಯೂಸ್ ಸರ್ವರ್ ನಿಲ್ಲಿಸುವುದಾಗಿ ತಿಳಿಸಿದಾಗ ಓದುಗರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕೆಲವರು ನ್ಯೂಸ್‌ಗ್ರೂಪುಗಳೆಂಬ ಚರ್ಚಾಗುಂಪುಗಳ ಜಾಲವಾದ ಯೂಸ್‌ನೆಟ್ಟಿನ ಕಾಲವೇ ಮುಗಿಯಿತೆಂದು ಎದ್ದು ಹೋಗುತ್ತಾರೆ. ಉಳಿದವರು ಪುಕ್ಕಟೆ ಸೇವೆ ಕೊಡುವ ಇನ್ನೊಂದು ದೊಡ್ಡ ಕಂಪನಿಯ ಆಸರೆ ಹುಡುಕುತ್ತಾರೆ. ಅಮೆರಿಕದಲ್ಲಿ ಎಓಎಲ್ 2005ರಲ್ಲಿ ನ್ಯೂಸ್‌ಗ್ರೂಪುಗಳನ್ನು ಕೈಬಿಟ್ಟಿತು. 2008ರಿಂದ 2010ರೊಳಗೆ ಟೈಮ್ ವಾರ್ನರ್ ಕೇಬಲ್, ಕಾಮ್‌ಕ್ಯಾಸ್ಟ್, ಎಟಿ ಅಂಡ್ ಟಿ, ವೆರೈಝನ್, ಕಾಕ್ಸ್ ಎಲ್ಲವೂ ಅದೇ ದಾರಿ ಹಿಡಿದವು. ಪ್ರತಿ ಸಲವೂ ಓದುಗರ ಕಡೆಯಿಂದ ಅವೇ ಎರಡು ತಪ್ಪುಗಳು ನಡೆದವು. ಇಷ್ಟೆಲ್ಲ ಕಂಡ ಮೇಲೆ ನಾನು ಬಂದು ನಿಂತಿರುವ ತೀರ್ಮಾನ ಇದು: ಮನೆಗೆ ಸಂಪರ್ಕ ತರುವ ಕಂಪನಿ ಬೇರೆ ಇರಬೇಕು, ನ್ಯೂಸ್‌ಗ್ರೂಪ್ ಓದಲು ಬಳಸುವ ಸರ್ವರ್ ಬೇರೆ ಇರಬೇಕು. ಆ ಸರ್ವರ್ ಚಿಕ್ಕದಾಗಿದ್ದಷ್ಟೂ, ಈ ಒಂದೇ ಕೆಲಸಕ್ಕೆಂದು ನಿಂತದ್ದಾಗಿದ್ದಷ್ಟೂ ಒಳ್ಳೆಯದು.

ಯೂಸ್‌ನೆಟ್ ಕಟ್ಟಿದ ಬಗೆಯಲ್ಲೇ ಇದಕ್ಕೆ ಆಧಾರವಿದೆ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದಾಗ ನಡುವಿನಲ್ಲಿ ಒಂದು ದೊಡ್ಡ ಯಂತ್ರ ಇಡುವ ಮಾತೇ ಇರಲಿಲ್ಲ. ಒಂದು ಕಂಪ್ಯೂಟರ್ ತನ್ನಲ್ಲಿರುವ ಹೊಸ ಬರಹಗಳನ್ನು ನೆರೆಯ ಕಂಪ್ಯೂಟರಿಗೆ ದಾಟಿಸುತ್ತದೆ, ಅದು ತನ್ನ ನೆರೆಯದಕ್ಕೆ. 1986ರಲ್ಲಿ ಎನ್‌ಎನ್‌ಟಿಪಿ ಎಂಬ ಸಂವಹನ ನಿಯಮಾವಳಿ ಬಂದು ಸಾಗಾಟ ವೇಗವಾಯಿತು, ವ್ಯವಸ್ಥೆ ಮಾತ್ರ ಹಾಗೇ ಉಳಿಯಿತು. ಪ್ರತಿ ಬರಹಕ್ಕೂ ಜಗತ್ತಿನಲ್ಲಿ ಬೇರೆಲ್ಲೂ ಇರದ ಒಂದು ಗುರುತು ಇರುತ್ತದೆ. ಅದನ್ನು ನೋಡಿಯೇ ಸರ್ವರುಗಳು ಯಾವುದು ತಮ್ಮಲ್ಲಿದೆ, ಯಾವುದು ಇಲ್ಲ ಎಂದು ತಿಳಿದುಕೊಳ್ಳುತ್ತವೆ. ಹೀಗಿರುವಾಗ ನಿಮ್ಮ ಕಂಪನಿಯ ಬಳಿ ಇದ್ದದ್ದು ಎಷ್ಟೋ ಪ್ರತಿಗಳಲ್ಲಿ ಒಂದು ಪ್ರತಿ. ಬಾಡಿಗೆ ಮನೆಯ ನಲ್ಲಿ ನಿಂತಿತೆಂದರೆ ಊರ ಕೆರೆ ಬತ್ತಿತೆಂದು ಯಾರೂ ಹೇಳುವುದಿಲ್ಲ, ಆದರೆ ನ್ಯೂಸ್‌ಗ್ರೂಪಿನ ವಿಷಯದಲ್ಲಿ ತಿಳಿದವರೂ ಹಾಗೇ ಹೇಳಿದರು. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೆಂದರೆ ಮೈಕ್ರೋಸಾಫ್ಟ್ ಇದೆ. ಆ ಕಂಪನಿ ತನ್ನ ಉತ್ಪನ್ನಗಳ ಬಗ್ಗೆ ತಾನೇ ಹುಟ್ಟುಹಾಕಿದ ಸಾರ್ವಜನಿಕ ಗುಂಪುಗಳನ್ನು 2010ರಲ್ಲಿ ಮುಚ್ಚತೊಡಗಿತು. ಹುಟ್ಟಿಸಿದವರೇ ಹೊರನಡೆದರೂ ಬೇರೆ ಸರ್ವರುಗಳು ಆ ಗುಂಪುಗಳನ್ನು ತೆಗೆಯಲಿಲ್ಲ. ವಿಂಡೋಸ್ ಎಕ್ಸ್‌ಪಿ ಬಳಸುವವರು ಆಮೇಲೂ ವರ್ಷಗಟ್ಟಲೆ ಅಲ್ಲಿ ಪ್ರಶ್ನೆ ಕೇಳುತ್ತ, ಉತ್ತರ ಪಡೆಯುತ್ತ ಇದ್ದರು.

ಈ ಇಡೀ ಕಥೆಯಲ್ಲಿ ನನಗೆ ಇವತ್ತಿಗೂ ಸಿಟ್ಟು ತರಿಸುವುದು 2008ರ ಜೂನ್ ತಿಂಗಳು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ವೋಮೊ ಅವರ ಕಚೇರಿ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ಬಗ್ಗೆ ತನಿಖೆ ನಡೆಸಿ, ಅಂಥ ಚಿತ್ರಗಳಿದ್ದ 88 ನ್ಯೂಸ್‌ಗ್ರೂಪುಗಳನ್ನು ಪತ್ತೆಹಚ್ಚಿತು. ತನಿಖಾಧಿಕಾರಿಗಳು ಗ್ರಾಹಕರಂತೆ ದೂರು ಕೊಟ್ಟಾಗ ಕಂಪನಿಗಳು ಕಿವಿಗೊಡಲಿಲ್ಲ. ಅಂಥ ಚಿತ್ರಗಳನ್ನು ಸಹಿಸುವುದಿಲ್ಲವೆಂದು ತಮ್ಮ ಷರತ್ತುಗಳಲ್ಲೇ ಬರೆದುಕೊಂಡು ಹೀಗೆ ನಡೆದುಕೊಳ್ಳುವುದು ಗ್ರಾಹಕರಿಗೆ ಮಾಡುವ ವಂಚನೆ ಎಂದು ಕ್ವೋಮೊ ಮೊಕದ್ದಮೆಯ ಬೆದರಿಕೆ ಹಾಕಿದರು. ಇಲ್ಲಿಯವರೆಗೆ ಅವರು ಮಾಡಿದ್ದು ಸರಿ. ಆಮೇಲೆ ಕಂಪನಿಗಳು ಒಪ್ಪಂದಕ್ಕೆ ಬಂದವು, ಆಗ ಆದದ್ದನ್ನು ನೋಡಿ. ಟೈಮ್ ವಾರ್ನರ್ ಕೇಬಲ್ ನ್ಯೂಸ್‌ಗ್ರೂಪುಗಳನ್ನು ಒಂದನ್ನೂ ಬಿಡದೆ ತೆಗೆಯಿತು. ಸ್ಪ್ರಿಂಟ್ ಆಲ್ಟ್ ಎಂಬ ಇಡೀ ಶಾಖೆಯನ್ನು ಕಡಿಯಿತು. ವೆರೈಝನ್ ಕಂಪ್ಯೂಟರ್, ವಿಜ್ಞಾನ, ಸಮಾಜ, ಮನರಂಜನೆ ಮುಂತಾದ ಎಂಟು ಹಳೆಯ ಶಾಖೆಗಳನ್ನು ಮಾತ್ರ ಉಳಿಸಿಕೊಂಡಿತು. ಕೊಳೆತದ್ದು 88 ಗುಂಪು, ಬಿದ್ದದ್ದು ಸಾವಿರಾರು ಗುಂಪು. ಆಲ್ಟ್ ಶಾಖೆಯಲ್ಲಿ ಕಾಯಿಲೆಯವರು ಪರಸ್ಪರ ಧೈರ್ಯ ಹೇಳಿಕೊಳ್ಳುವ ಗುಂಪುಗಳಿದ್ದವು, ಅಡುಗೆಯ ಗುಂಪುಗಳಿದ್ದವು, ಹಳೆಯ ಯಂತ್ರ ರಿಪೇರಿಯ ಗುಂಪುಗಳಿದ್ದವು. ಟಿಮ್ ಬರ್ನರ್ಸ್ ಲೀ 1991ರ ಆಗಸ್ಟಿನಲ್ಲಿ ವರ್ಲ್ಡ್ ವೈಡ್ ವೆಬ್ ಬಗ್ಗೆ ಹೊರಜಗತ್ತಿಗೆ ಬರೆದು ತಿಳಿಸಿದ್ದೂ ಆಲ್ಟ್ ಶಾಖೆಯ ಹೈಪರ್‌ಟೆಕ್ಸ್ಟ್ ಗುಂಪಿನಲ್ಲೇ. ಅದಾದ ಕೆಲವೇ ದಿನಗಳಿಗೆ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿರುವ ಆಪರೇಟಿಂಗ್ ಸಿಸ್ಟಮ್ಮಿನ ಸುದ್ದಿಯನ್ನು ಕಂಪ್ಯೂಟರ್ ಶಾಖೆಯ ಮಿನಿಕ್ಸ್ ಗುಂಪಿನಲ್ಲಿ ಹಾಕಿದ. ಇಂಥ ಜಾಗದ ಬಗ್ಗೆ ಒಬ್ಬ ಅಧಿಕಾರಿ ಆಡಬೇಕಾಗಿದ್ದ ಒಂದು ಮಾತು ಏನೆಂದರೆ, ಈ 88ನ್ನು ತೆಗೆಯಿರಿ, ಉಳಿದವನ್ನು ಮುಟ್ಟಬೇಡಿ. ಅಷ್ಟನ್ನು ಒಪ್ಪಂದದಲ್ಲಿ ಗಟ್ಟಿಯಾಗಿ ಬರೆಸದೆ, ಕಂಪನಿಗಳು ತೆಗೆದುಕೊಂಡ ಸುಲಭದ ದಾರಿಗೆ ತಲೆಯಾಡಿಸಿದ್ದು ದೊಡ್ಡ ಅನ್ಯಾಯ. ಕಂಪನಿಗಳ ಪಾಲೂ ಇದರಲ್ಲಿ ಕಡಿಮೆಯಿಲ್ಲ. ಹೊರೆಯೆನಿಸಿದ್ದ ಸೇವೆಯನ್ನು ಒಳ್ಳೆಯ ಹೆಸರಿನೊಂದಿಗೆ ಕೆಳಗಿಳಿಸುವ ಅವಕಾಶ ಅವರಿಗೆ ಸಿಕ್ಕಿತು. ಮಿಕ್ಕಿದ್ದನ್ನು ಉಳಿಸಿಕೊಂಡಿದ್ದ ವೆರೈಝನ್ ಕೂಡ ಮರುವರ್ಷದ ಸೆಪ್ಟೆಂಬರಿನಲ್ಲಿ ಎಲ್ಲವನ್ನೂ ನಿಲ್ಲಿಸಿತು.

ಮಕ್ಕಳ ವಿಷಯದಲ್ಲಿ ಇಷ್ಟು ಲೆಕ್ಕ ಹಾಕಬಾರದು, ಒಂದು ಮಗು ಉಳಿಯುವುದಾದರೆ ಹತ್ತು ಸಾವಿರ ಗುಂಪು ಹೋಗಲಿ ಎನ್ನುವವರಿದ್ದಾರೆ. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಗುಂಪು ತೆಗೆದದ್ದರಿಂದ ಮಗು ಉಳಿಯಿತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮೇಲೆ ಹೇಳಿದಂತೆ ಇಲ್ಲಿ ಒಂದು ಸರ್ವರ್ ಮುಚ್ಚಿದರೆ ಒಂದು ಪ್ರತಿ ಹೋಗುತ್ತದೆ, ಚಿತ್ರ ಬೇರೆಡೆ ಇದ್ದೇ ಇರುತ್ತದೆ. ಅದನ್ನು ಹುಡುಕಿ ಹೋಗುವ ದುಷ್ಟ ಹಣ ಕೊಟ್ಟು ಬೇರೆ ಸರ್ವರಿಗೆ ಸೇರುತ್ತಾನೆ. ಅಡುಗೆ ಗುಂಪಿನ ವಯಸ್ಸಾದ ಓದುಗನಿಗೆ ಬೇರೆ ಸರ್ವರ್ ಇದೆಯೆಂಬುದೇ ಗೊತ್ತಿರುವುದಿಲ್ಲ. ಅಪರಾಧಿಯನ್ನು ಹಿಡಿಯುವುದು ತನಿಖೆ ಮತ್ತು ಬಂಧನದಿಂದ. ಬಂಧನಕ್ಕೆ ಬೇಕಾದ ಸುಳಿವು ಸಿಗುವುದು ಎಷ್ಟೋ ಸಲ ಆ ಗುಂಪುಗಳನ್ನು ಗಮನಿಸುತ್ತಿದ್ದಾಗಲೇ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯದು. ಓದುವವರು ಕಡಿಮೆಯಾದರು, ಖರ್ಚು ಏರಿತು, ಕಂಪನಿ ನಷ್ಟದಲ್ಲಿ ಏಕೆ ನಡೆಸಬೇಕು? ಯೂಸ್‌ನೆಟ್ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರ ಮೇನಲ್ಲಿ ಇದೇ ಕಾರಣ ಹೇಳಿ ತನ್ನ ಸರ್ವರನ್ನು ನಿಲ್ಲಿಸಿತಲ್ಲ? ಹೌದು, ನಿಲ್ಲಿಸುವ ಹಕ್ಕು ಕಂಪನಿಗಿದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಖರ್ಚಿನ ಲೆಕ್ಕವನ್ನು ಬಿಡಿಸಿ ನೋಡಬೇಕು. ಹೊರೆಯಾದದ್ದು ಸಿನಿಮಾ, ಹಾಡು, ಸಾಫ್ಟ್‌ವೇರ್‌ಗಳನ್ನು ತುಂಡುತುಂಡಾಗಿ ಸಾಗಿಸುವ ಬೈನರಿ ಗುಂಪುಗಳು. ಒಂದು ದಿನದ ಪೂರ್ಣ ಸಾಗಾಟ ಟೆರಾಬೈಟುಗಳ ಲೆಕ್ಕಕ್ಕೆ ಹೋಗಿದ್ದು ಅವುಗಳಿಂದ. ಜನ ಮಾತಾಡುವ ಪಠ್ಯದ ಗುಂಪುಗಳು ಅದರ ಮುಂದೆ ಏನೇನೂ ಅಲ್ಲ. ಪಠ್ಯವನ್ನಷ್ಟೇ ಇಟ್ಟುಕೊಳ್ಳುವ ಸರ್ವರನ್ನು ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಒಬ್ಬರೇ ನಡೆಸಬಹುದು, ನಡೆಸುತ್ತಿದ್ದಾರೆ ಕೂಡ. ಬೈನರಿ ಬಿಟ್ಟು ಪಠ್ಯ ಉಳಿಸಿಕೊಳ್ಳುವ ದಾರಿ ಎಲ್ಲ ಕಂಪನಿಗಳ ಮುಂದೂ ಇತ್ತು. ಅದನ್ನು ಹಿಡಿಯದಿದ್ದರೆ, ಗ್ರಾಹಕರಿಗೆ ಹೋದ ಕೊನೆಯ ಪತ್ರದಲ್ಲಿ ಬೇರೆ ಸರ್ವರುಗಳ ಪಟ್ಟಿಯನ್ನಾದರೂ ಕೊಡಬಹುದಿತ್ತು.

ಹಾಗಾದರೆ ದೊಡ್ಡ ಕಂಪನಿಯ ಪುಕ್ಕಟೆ ದಾರಿ ಏನಾಯಿತು? ಗೂಗಲ್ 2001ರ ಫೆಬ್ರುವರಿಯಲ್ಲಿ, ಯೂಸ್‌ನೆಟ್ ಬರಹಗಳನ್ನು ಕೂಡಿಡುತ್ತಿದ್ದ ಡೇಜಾ ನ್ಯೂಸಿನ ಸಂಗ್ರಹವನ್ನು ಕೊಂಡಿತು. ಅದೇ ವರ್ಷದ ಕೊನೆಗೆ 1981ರಷ್ಟು ಹಿಂದಿನ ಹಳೆಯ ಬರಹಗಳೂ ಅದಕ್ಕೆ ಸೇರಿದವು. ಆ ಹಳೆಯ ಬರಹಗಳಲ್ಲಿ ಬಹುಪಾಲು ಬಂದದ್ದು ಟೊರೊಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ ಹತ್ತು ವರ್ಷ ಟೇಪುಗಳಲ್ಲಿ ತುಂಬಿಟ್ಟದ್ದರಿಂದ. ಯಾವ ಕಂಪನಿಯೂ ಅವನ್ನು ಉಳಿಸಿರಲಿಲ್ಲ. ಬ್ರೌಸರಿನಲ್ಲೇ ಓದಿ, ಅಲ್ಲೇ ಉತ್ತರ ಬರೆಯುವ ಅನುಕೂಲ ಕಂಡು, ಸಂಪರ್ಕ ಕಂಪನಿಗಳಿಂದ ಹೊರಬಿದ್ದವರಲ್ಲಿ ಎಷ್ಟೋ ಜನ ಗೂಗಲ್ ಗ್ರೂಪ್ಸ್ ಸೇರಿದರು. ಪರಿಣಾಮವಾಗಿ ಜಾಹೀರಾತಿನ ಕಸವೂ ಅದೇ ದಾರಿಯಿಂದ ಎಲ್ಲ ಸರ್ವರುಗಳಿಗೆ ಹರಿಯಿತು. 2024ರ ಫೆಬ್ರುವರಿ 22ರಂದು ಗೂಗಲ್ ಯೂಸ್‌ನೆಟ್ಟಿನ ಜೊತೆಗಿನ ಕೊಂಡಿಯನ್ನೇ ಕಡಿದುಕೊಂಡಿತು. ಹಳೆಯದನ್ನು ಓದಬಹುದು, ಹೊಸದು ಬರುವುದಿಲ್ಲ, ಹೋಗುವುದಿಲ್ಲ. ಒಮ್ಮೆ ಕಂಪನಿಯಿಂದ ಹೊರಬಿದ್ದು ಇಲ್ಲಿಗೆ ಬಂದವರು ಎರಡನೆಯ ಸಲ ಹೊರಬಿದ್ದರು. ಚಿಕ್ಕ ಸರ್ವರುಗಳ ಖಾತೆ ಇದ್ದವರಿಗೆ ಆ ದಿನ ಮಾತು ನಿಲ್ಲಲಿಲ್ಲ, ಕಸ ಮಾತ್ರ ಕಡಿಮೆಯಾಯಿತು.

ಫೇಸ್‌ಬುಕ್, ವಾಟ್ಸ್‌ಆ್ಯಪ್ ಇರುವಾಗ ಈ ಹಳೆಯ ವ್ಯವಸ್ಥೆಗೆ ಇಷ್ಟು ಒದ್ದಾಟವೇಕೆ ಎಂದು ಕನ್ನಡದ ಓದುಗರು ಕೇಳಿದರೆ, ನಮ್ಮ ಅನುಭವವನ್ನೇ ಎದುರಿಗಿಡುತ್ತೇನೆ. ತೊಂಬತ್ತರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದ ಕನ್ನಡಿಗರು ಸೋಕ್.ಕಲ್ಚರ್.ಇಂಡಿಯನ್ ಶಾಖೆಯ ಕರ್ನಾಟಕ ಗುಂಪಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುಕೊಂಡು ಮಾತಾಡುತ್ತಿದ್ದರು. ರೆಕ್.ಮ್ಯೂಸಿಕ್.ಇಂಡಿಯನ್.ಕ್ಲಾಸಿಕಲ್ ಗುಂಪಿನಲ್ಲಿ ರಾಗಲಕ್ಷಣದ ಮೇಲೆ ನಡೆದ ಗಂಭೀರ ಚರ್ಚೆಗಳನ್ನು ಇಂದಿಗೂ ಹುಡುಕಿ ಓದಬಹುದು. ಅದರ ನಂತರ ನಮ್ಮವರು ಯಾಹೂ ಗ್ರೂಪ್ಸ್‌ಗೆ ಹೋದರು, ಆರ್ಕುಟ್‌ಗೆ ಹೋದರು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗ್ರೂಪ್ಸ್ 2019ರ ಡಿಸೆಂಬರಿನಲ್ಲಿ ಬರಹಗಳನ್ನೆಲ್ಲ ತಾಣದಿಂದ ತೆಗೆಯಿತು, ಮರುವರ್ಷ ಪೂರ್ತಿ ಮುಚ್ಚಿತು. ಅಲ್ಲಿ ಕನ್ನಡದಲ್ಲಿ ಬರೆದದ್ದನ್ನು ಉಳಿಸಿಕೊಳ್ಳಲು ಇನ್ನೊಂದು ಸರ್ವರ್ ಇರಲಿಲ್ಲ, ಏಕೆಂದರೆ ಆ ವ್ಯವಸ್ಥೆಯಲ್ಲಿ ಮಾಲೀಕ ಒಬ್ಬನೇ. ಹಳೆಯದರ ಮೇಲಿನ ಮೋಹದಿಂದ ನಾನು ಇಷ್ಟು ಹಟ ಹಿಡಿದಿಲ್ಲ. ಮೂವತ್ತು ವರ್ಷ ಹಿಂದಿನ ಮಾತು ಉಳಿದು, ಹತ್ತು ವರ್ಷ ಹಿಂದಿನ ಮಾತು ಅಳಿದದ್ದು ಕಣ್ಣೆದುರಿಗಿದೆ.

ದಾರಿ ಹುಡುಕುವ ಕೆಲಸ ಮಾತ್ರ ಹೆದರಿದಷ್ಟು ಕಷ್ಟದ್ದಲ್ಲ. ಪಠ್ಯ ಸಾಕೆನ್ನುವವರಿಗೆ ಜರ್ಮನಿಯಿಂದ ನಡೆಯುವ ಎಟರ್ನಲ್ ಸೆಪ್ಟೆಂಬರ್ ಇದೆ, ಹೆಸರು ನೋಂದಾಯಿಸಿದರೆ ಪುಕ್ಕಟೆ. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದ ನೆರಳಿನಲ್ಲಿ ಬೆಳೆದ ಇಂಡಿವಿಜುವಲ್ ಡಾಟ್ ನೆಟ್ 2005ರಿಂದ ವರ್ಷಕ್ಕೆ 10 ಯೂರೋ ತೆಗೆದುಕೊಳ್ಳುತ್ತದೆ. ಕೊಡಬಲ್ಲವರು ಕೊಡಬೇಕೆಂಬುದು ನನ್ನ ಅಭಿಪ್ರಾಯ. ಹಿಂದೆ ಪುಕ್ಕಟೆ ಇತ್ತಲ್ಲ ಎನ್ನುವುದು ಸರಿಯಲ್ಲ, ಸಂಪರ್ಕ ಕಂಪನಿಯ ತಿಂಗಳ ಬಿಲ್ಲಿನಲ್ಲಿ ಅದರ ಬೆಲೆಯೂ ಸೇರಿತ್ತು. ಹಣ ಪಡೆಯುವ ದೊಡ್ಡ ಸೇವೆಗಳಲ್ಲಿ ತಿಂಗಳ ಚಂದಾದ ಬದಲು ಇಷ್ಟು ಗಿಗಾಬೈಟಿಗೆ ಇಷ್ಟು ಎಂದು ಮಾರುವ, ಅವಧಿ ಮುಗಿಯದ ಖಾತೆಗಳಿವೆ. ಅಪರೂಪಕ್ಕೆ ಓದುವವರಿಗೆ ಅವು ಸಾಕು. ಓದಲು ಥಂಡರ್‌ಬರ್ಡ್ ಒಳ್ಳೆಯದು, ಕನ್ನಡ ಅಕ್ಷರಗಳೂ ಅದರಲ್ಲಿ ಸರಿಯಾಗಿ ಹೋಗಿ ಬರುತ್ತವೆ. ಪೋರ್ಟ್ 119ರ ಬದಲು ಗುಪ್ತೀಕರಣವಿರುವ 563 ಹಾಕಿಕೊಳ್ಳಿ. ಸರ್ವರ್ ಬದಲಿಸಿದ ದಿನ ಓದಿ ಮುಗಿಸಿದ್ದೆಲ್ಲ ಓದದ್ದೆಂದು ಕಂಡರೆ ಗಾಬರಿ ಬೇಡ. ಬರಹಗಳ ಕ್ರಮಸಂಖ್ಯೆಯನ್ನು ಪ್ರತಿ ಸರ್ವರೂ ತನ್ನದೇ ರೀತಿ ಕೊಡುತ್ತದೆ, ಹಳೆಯ ಗುರುತುಗಳು ಹೊಸದಕ್ಕೆ ಹೊಂದುವುದಿಲ್ಲ. ಎಲ್ಲವನ್ನೂ ಓದಿದ್ದೆಂದು ಗುರುತು ಹಾಕಿ ಮುಂದೆ ಹೋಗುವುದೇ ಸರಳ. ಬರೆಯುವಾಗ ಕಂಪನಿ ಕೊಟ್ಟ ಇಮೇಲ್ ವಿಳಾಸ ಬಳಸಬೇಡಿ. ವೆರೈಝನ್ 2017ರಲ್ಲಿ ಇಮೇಲಿನಿಂದಲೂ ಹೊರಬಂತು.

ಇಂಥ ಚಿಕ್ಕ ಸರ್ವರ್ ನಡೆಸುವವರು ಒಬ್ಬಿಬ್ಬರು, ಅವರು ಬೇಸತ್ತರೆ ಏನು ಗತಿ ಎಂಬ ಆಕ್ಷೇಪ ಉಳಿಯುತ್ತದೆ. ಇದು ನಿಜವಾದ ಭಯ. ನೋಂದಣಿಯನ್ನೂ ಕೇಳದೆ ಎಲ್ಲರನ್ನೂ ಒಳಗೆ ಬಿಡುತ್ತಿದ್ದ ಇಟಲಿಯ ಆಯೋ ಸರ್ವರ್ ಹಾಗೆಯೇ ಕಣ್ಮರೆಯಾಯಿತು. ಆದರೆ ಆಯೋ ಹೋದಾಗ ಒಂದು ಗುಂಪೂ ಸಾಯಲಿಲ್ಲ. ಅದರ ಓದುಗರು ಬೇರೆ ಸರ್ವರಿನ ವಿಳಾಸ ಹಾಕಿಕೊಂಡು ಅದೇ ಚರ್ಚೆಯನ್ನು ಮುಂದುವರಿಸಿದರು. ಎರಡು ಸರ್ವರುಗಳಲ್ಲಿ ಖಾತೆ ಇಟ್ಟುಕೊಂಡವರಿಗೆ ಅಷ್ಟು ಕೆಲಸವೂ ಬೀಳುವುದಿಲ್ಲ. ಯಾವ ಸರ್ವರೂ ಕಾಪಾಡಲಾರದ್ದು ಒಂದಿದೆ: ಸಂಪರ್ಕ ಕಂಪನಿ ತನ್ನ ಗ್ರಾಹಕರಿಗೆಂದು ನಡೆಸುವ ಒಳಗುಂಪುಗಳು. ಅವು ಹೊರಗಿನ ಸರ್ವರುಗಳಿಗೆ ದಾಟುವುದಿಲ್ಲ, ಆದ್ದರಿಂದ ಕಂಪನಿಯ ಸರ್ವರ್ ನಿಂತ ದಿನವೇ ಇಲ್ಲವಾಗುತ್ತವೆ. ನಿಮ್ಮ ಕಂಪನಿ ಕೊನೆಯ ದಿನಾಂಕ ತಿಳಿಸಿದ್ದರೆ ಮೊದಲು ಆ ಗುಂಪುಗಳ ಬರಹಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೊಸ ಸರ್ವರಿನಲ್ಲಿ ಹೆಸರು ನೋಂದಾಯಿಸುವುದನ್ನು ಮರುದಿನ ಮಾಡಿದರೂ ನಡೆಯುತ್ತದೆ.